ಬಾಡಿಗೆ ಹಾಕಿದ ದುಡ್ಡು

ಮದುವೆ ಸೀಸನ್ ಮುಗಿದ ವಾರ ಒಬ್ಬ ಹುಡುಗ ಸ್ಟುಡಿಯೊಗೆ ಬಂದ. ಎರಡು ವರ್ಷ ನನ್ನ ಜೊತೆ ಲೈಟ್ ಹಿಡಿದವನು, ಈಗ ಸ್ವಂತವಾಗಿ ಕೆಲಸ ಹಿಡಿಯಬೇಕೆಂದಿದ್ದಾನೆ. ಮೊಬೈಲ್‌ನಲ್ಲಿ ನಾಲ್ಕು ಮಿರರ್‌ಲೆಸ್ ಕ್ಯಾಮೆರಾಗಳ ಚಿತ್ರ ತೋರಿಸಿ, ‘ಅಣ್ಣ, ಇದ್ರಲ್ಲಿ ಯಾವ್ದು ತಗಳ್ಲಿ?’ ಅಂದ.

‘ಲೆನ್ಸ್ ಯಾವ್ದು ಹಾಕ್ತೀಯ?’

‘ಕಿಟ್ ಲೆನ್ಸ್ ಜೊತೇಲೇ ಬರುತ್ತಲ್ಲ.’

ಇದ್ದ ದುಡ್ಡನ್ನೆಲ್ಲ ಬಾಡಿಗೆ, ಅಂದರೆ ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾಕ್ಕೆ, ಹಾಕುವ ಲೆಕ್ಕ. ನಾನೂ ಮೊದಲ ಸಲ ಹಾಗೇ ಮಾಡಿದ್ದೆ. ಬಾಡಿಗೆ ಹಾಕಿದ ದುಡ್ಡು ಬಾಡಿಗೆ ಕೊಟ್ಟ ಹಾಗೇ, ಬಳಸಿದಷ್ಟು ದಿನ ಬಳಸಿದೆವು, ಅಷ್ಟೇ. ನನ್ನ ಆ ಮೊದಲ ಡಿಜಿಟಲ್ ಬಾಡಿಯನ್ನು ಈಗ ಪುಕ್ಕಟೆ ಕೊಟ್ಟರೂ ಯಾರೂ ಒಯ್ಯುವುದಿಲ್ಲ. ಅದರ ನಂತರದ ವರ್ಷ ಚೀಟಿ ದುಡ್ಡಿನಲ್ಲಿ ತಂದ 85 ಎಂ.ಎಂ. ಲೆನ್ಸ್ ಇವತ್ತೂ ದುಡಿಯುತ್ತಿದೆ.

ಕಿಟ್ ಲೆನ್ಸ್ ಕೆಟ್ಟದ್ದಲ್ಲ. ಹೊಳೆದಂಡೆಯಲ್ಲಿ ಬೆಳಗಿನ ಒಂಬತ್ತು ಗಂಟೆಗೆ ಅದೂ ಚೆನ್ನಾಗಿಯೇ ತೆಗೆಯುತ್ತದೆ. ಆದರೆ ಜೂಮ್ ಮಾಡಿದ ತುದಿಯಲ್ಲಿ ಅದರ ಅಪರ್ಚರ್, ಅಂದರೆ ಬೆಳಕು ಒಳಬರುವ ಕಿಂಡಿ, ಸಾಮಾನ್ಯವಾಗಿ ಎಫ್ 5.6ಕ್ಕೆ ಇಳಿದಿರುತ್ತದೆ. ಎಫ್ ಅಂಕಿ ದೊಡ್ಡದಾದಷ್ಟೂ ಕಿಂಡಿ ಸಣ್ಣದು. 5.6ರಲ್ಲಿ ಒಳಬರುವುದು ಎಫ್ 2.8ರ ಲೆನ್ಸ್ ಒಳಗೆ ಬಿಡುವ ಬೆಳಕಿನ ಕಾಲು ಭಾಗ ಮಾತ್ರ. ಧಾರೆ ಎರೆಯುವ ಹೊತ್ತನ್ನು ನೆನೆಸಿಕೊಳ್ಳಿ. ಮಂಟಪದ ಚಪ್ಪರದ ಕೆಳಗೆ ಅರೆಬೆಳಕು, ಫ್ಲ್ಯಾಶ್ ಹೊಡೆಯಬೇಡಿ ಎಂದು ಪುರೋಹಿತರು ಮೊದಲೇ ಹೇಳಿರುತ್ತಾರೆ. 2.8ರಲ್ಲಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) 1600 ಇಟ್ಟು ಸೆಕೆಂಡಿನ 1/125ರಲ್ಲಿ ತೆಗೆಯಬಹುದಾದ ಚಿತ್ರಕ್ಕೆ 5.6ರಲ್ಲಿ ಐಎಸ್‌ಒ 6400 ಬೇಕು, ಇಲ್ಲವೇ ಶಟರ್ 1/30ಕ್ಕೆ ಇಳಿಯಬೇಕು. 1/30ರಲ್ಲಿ ನೀರು ಎರೆಯುವ ಕೈ ಮಸುಕಾಗುತ್ತದೆ. ಆ ಕೈ ಹುಡುಗಿಯ ತಾಯಿಯದ್ದು. ಆ ಚಿತ್ರ ಇನ್ನೊಂದು ಸಲ ಸಿಗುವುದಿಲ್ಲ.

ಹಾಗಾಗಿ ಮೊದಲು ಯಾವ ಲೆನ್ಸ್ ಎಂದು ಗೊತ್ತುಮಾಡಿಕೊಳ್ಳಬೇಕು, ಆಮೇಲೆ ಅದು ಯಾವ ಮೌಂಟ್‌ಗೆ ಕೈಗೆಟಕುವ ಬೆಲೆಯಲ್ಲಿ ಸಿಗುತ್ತದೆ ಎಂದು ನೋಡಬೇಕು. ಬಾಡಿಯ ಮಾತು ಅದಾದ ಮೇಲೆ.

ಮೌಂಟ್ ಎಂದರೆ ಬಾಡಿಯ ಮುಂದಿರುವ ಲೋಹದ ಬಳೆ. ಅಲ್ಲಿಂದ ಚಿತ್ರ ಹಿಡಿಯುವ ಸೆನ್ಸರ್‌ವರೆಗಿನ ದೂರ ಒಂದೊಂದು ಮೌಂಟ್‌ಗೆ ಒಂದೊಂದು ಥರ. ನಿಕಾನ್ 1959ರಲ್ಲಿ ತಂದ ಎಫ್ ಮೌಂಟ್‌ನಲ್ಲಿ ಅದು 46.5 ಮಿ.ಮೀ. ಕ್ಯಾನನ್ 1987ರಲ್ಲಿ ಹಳೆಯ ಎಫ್‌ಡಿ ಮೌಂಟ್ ಬಿಟ್ಟು ಇಎಫ್ ತಂದಾಗ 44 ಮಿ.ಮೀ. ಒಳಗೆ ಕನ್ನಡಿ ಎದ್ದು ಬೀಳಬೇಕಲ್ಲ, ಅಷ್ಟು ಜಾಗ ಬೇಕೇ ಬೇಕಿತ್ತು. ಮಿರರ್‌ಲೆಸ್‌ನಲ್ಲಿ ಕನ್ನಡಿಯೇ ಇಲ್ಲ. ಸೋನಿ ಇ ಮೌಂಟ್‌ನಲ್ಲಿ ಈ ದೂರ 18 ಮಿ.ಮೀ., 2018ರಲ್ಲಿ ಬಂದ ಕ್ಯಾನನ್ ಆರ್‌ಎಫ್‌ನಲ್ಲಿ 20, ಅದೇ ವರ್ಷದ ನಿಕಾನ್ ಝಡ್‌ನಲ್ಲಿ 16. ಉಳಿದ ಜಾಗದಲ್ಲಿ ಅಡಾಪ್ಟರ್, ಅಂದರೆ ಒಂದು ಮೌಂಟ್‌ನ ಲೆನ್ಸನ್ನು ಇನ್ನೊಂದಕ್ಕೆ ಹೊಂದಿಸುವ ಬಳೆ, ಕೂರುತ್ತದೆ. ಕನ್ನಡಿಯಿದ್ದ ಹಳೆಯ ಡಿಎಸ್‌ಎಲ್‌ಆರ್ ಕ್ಯಾಮೆರಾದ ಲೆನ್ಸ್ ಹೊಸ ಬಾಡಿಗೆ ಹೊಂದುವುದೂ ಹೊಸ ಮಿರರ್‌ಲೆಸ್ ಲೆನ್ಸ್ ಹಳೆಯ ಬಾಡಿಗೆ ಹೊಂದದಿರುವುದೂ ಇದೇ ಕಾರಣಕ್ಕೆ.

ಅಪ್ಪನದ್ದೋ ಗುರುಗಳದ್ದೋ ಲೆನ್ಸ್ ಮನೆಯಲ್ಲಿದ್ದರೆ ಈ ಲೆಕ್ಕ ದುಡ್ಡು ಉಳಿಸುತ್ತದೆ. ಕ್ಯಾನನ್ ಇಎಫ್ ಲೆನ್ಸ್‌ಗಳು ಆರ್‌ಎಫ್ ಬಾಡಿಯ ಮೇಲೆ ಕಂಪನಿಯ ಅಡಾಪ್ಟರ್ ಹಾಕಿದರೆ ಫೋಕಸ್ ಸಮೇತ ಸರಿಯಾಗಿ ಕೆಲಸ ಮಾಡುತ್ತವೆ. ನಿಕಾನ್‌ನವರು ಸ್ವಲ್ಪ ನೋಡಿಕೊಳ್ಳಬೇಕು. ನಮ್ಮ ಕಡೆ ಹಳೆಯ ಸ್ಟುಡಿಯೊಗಳಲ್ಲಿ ‘ಡಿ’ ಎಂದು ಬರೆದ 50 ಎಂ.ಎಂ., 80-200 ಲೆನ್ಸ್‌ಗಳು ಬಹಳ. ಅವುಗಳಲ್ಲಿ ಹೆಚ್ಚಿನವುಗಳ ಒಳಗೆ ಮೋಟರ್ ಇಲ್ಲ, ಫೋಕಸ್ ತಿರುಗಿಸುವ ಮೋಟರ್ ಬಾಡಿಯಲ್ಲಿರುತ್ತಿತ್ತು. ಝಡ್ ಬಾಡಿಯಲ್ಲೂ ಎಫ್‌ಟಿಝಡ್ ಅಡಾಪ್ಟರ್‌ನಲ್ಲೂ ಆ ಮೋಟರ್ ಇಲ್ಲವಾದ್ದರಿಂದ ಕೈಯಲ್ಲೇ ಫೋಕಸ್ ಮಾಡಬೇಕು. ಕುಳಿತ ಅಜ್ಜಿಯ ಭಾವಚಿತ್ರಕ್ಕೆ ಅಡ್ಡಿಯಿಲ್ಲ. ಯಕ್ಷಗಾನದಲ್ಲಿ ಧಿಗಿಣ ಹಾಕುವ ವೇಷಕ್ಕೆ ಆಗದ ಮಾತು.

ಇನ್ನು ಹೊರಗಿನವರ ಲೆನ್ಸ್. ಸೋನಿ 2011ರಲ್ಲೇ ಇ ಮೌಂಟ್‌ನ ಮೂಲ ವಿವರಗಳನ್ನು ಬೇರೆ ತಯಾರಕರಿಗೆ ಬಿಟ್ಟುಕೊಟ್ಟಿತು. ಅದರಿಂದ ಸಿಗ್ಮಾ, ಟ್ಯಾಮ್ರಾನ್‌ಗಳ ದೊಡ್ಡ ಸಂತೆಯೇ ಆ ಮೌಂಟ್ ಸುತ್ತ ಬೆಳೆಯಿತು. 2018ರಲ್ಲಿ ಬಂದ ಟ್ಯಾಮ್ರಾನ್ 28-75 ಎಫ್ 2.8ರ ತೂಕ 550 ಗ್ರಾಂ. ಎಷ್ಟೋ ಮದುವೆ ಛಾಯಾಗ್ರಾಹಕರ ಕತ್ತು ಉಳಿಸಿದ ಲೆನ್ಸ್ ಅದು. ಕ್ಯಾನನ್ ಆರ್‌ಎಫ್ ಬಾಗಿಲು ಬಹುಕಾಲ ಮುಚ್ಚಿತ್ತು. 2024ರಲ್ಲಿ ಸಿಗ್ಮಾ, ಟ್ಯಾಮ್ರಾನ್‌ಗೆ ಪರವಾನಗಿ ಸಿಕ್ಕಿತಾದರೂ ಶುರುವಾದದ್ದು ಕ್ರಾಪ್ (35 ಎಂ.ಎಂ. ಫಿಲ್ಮ್‌ಗಿಂತ ಸಣ್ಣ) ಸೆನ್ಸರ್ ಲೆನ್ಸ್‌ಗಳಿಂದ. ಕ್ಯಾನನ್‌ನ ಸ್ವಂತ ಲೆನ್ಸ್‌ಗಳು ಅದ್ಭುತ, ಅದರಲ್ಲಿ ತಕರಾರಿಲ್ಲ. ಆದರೆ ಸಾಲ ಮಾಡಿ ಶುರುಮಾಡುವವನಿಗೆ ಮಧ್ಯಮ ಬೆಲೆಯ 2.8 ಜೂಮ್ ಸಿಗುತ್ತದೋ ಇಲ್ಲವೋ ಎಂಬುದೇ ಮುಖ್ಯ.

ಫುಲ್ ಫ್ರೇಮೋ (ಫಿಲ್ಮ್‌ನಷ್ಟೇ ದೊಡ್ಡ ಸೆನ್ಸರ್) ಕ್ರಾಪೋ ಎಂಬ ಜಗಳಕ್ಕೆ ನಾನು ಹೆಚ್ಚು ಹೊತ್ತು ಕೊಡುವುದಿಲ್ಲ. ರಂಗನತಿಟ್ಟಿನಲ್ಲಿ ಹಕ್ಕಿ ತೆಗೆಯುವವರಿಗೆ ಕ್ರಾಪ್ ಲಾಭವೇ, 400 ಎಂ.ಎಂ. ಲೆನ್ಸ್ 600ರಷ್ಟು ಹತ್ತಿರದ ನೋಟ ಕೊಡುತ್ತದೆ. ದಾಂಡೇಲಿಯ ಮರಗಳ ಕೆಳಗೆ ಸಂಜೆ ಐದೂವರೆಗೆ ಅದೇ ಲೆನ್ಸ್ ಎಫ್ 6.3ರಲ್ಲಿ ಒದ್ದಾಡುತ್ತದೆ. ಮದುವೆ ಮಾಡುವವರಿಗೆ ಫುಲ್ ಫ್ರೇಮ್ ಒಳ್ಳೆಯದು, ಆದರೆ ಕಿಟ್ ಲೆನ್ಸ್ ಹಾಕಿದ ಫುಲ್ ಫ್ರೇಮ್‌ಗಿಂತ 2.8 ಹಾಕಿದ ಕ್ರಾಪ್ ಮೇಲು.

ಆರತಕ್ಷತೆಯ ಎಲ್‌ಇಡಿ ಗೋಡೆಯ ಬಗ್ಗೆ ಮಾತ್ರ ಒಂದು ಎಚ್ಚರಿಕೆ. ಸದ್ದಾಗದಿರಲಿ ಎಂದು ಎಲೆಕ್ಟ್ರಾನಿಕ್ ಶಟರ್ ಇಟ್ಟು ತೆಗೆದರೆ ಚಿತ್ರದ ತುಂಬ ಪಟ್ಟೆ ಬರಬಹುದು. ಸೆನ್ಸರ್ ಚಿತ್ರವನ್ನು ಮೇಲಿನಿಂದ ಕೆಳಕ್ಕೆ ಸಾಲು ಸಾಲಾಗಿ ಓದುತ್ತದೆ, ಅಷ್ಟರಲ್ಲಿ ಎಲ್‌ಇಡಿ ಹಲವು ಸಲ ಆರಿ ಹೊತ್ತಿರುತ್ತದೆ. ನಾನು ಒಂದು ಇಡೀ ಆರತಕ್ಷತೆಯನ್ನು ಹೀಗೆ ಪಟ್ಟೆಪಟ್ಟೆಯಾಗಿ ತೆಗೆದು, ಆಲ್ಬಂ ಕೊಡುವಾಗ ತಲೆ ತಗ್ಗಿಸಿದ್ದೇನೆ. ತಪ್ಪು ನನ್ನದೇ, ಸ್ಕ್ರೀನ್ ಹಿಗ್ಗಿಸಿ ನೋಡಿರಲಿಲ್ಲ. ಬಾಡಿಯಲ್ಲಿ ಮೆಕ್ಯಾನಿಕಲ್ ಶಟರ್ (ನಿಜವಾಗಿ ತೆರೆದು ಮುಚ್ಚುವ ಪರದೆ) ಇದೆಯೇ, ಇಲ್ಲವಾದರೆ ಸೆನ್ಸರ್ ಎಷ್ಟು ಬೇಗ ಓದುತ್ತದೆ ಎಂದು ಕೇಳಿ. ಬಾಡಿಯಲ್ಲಿ ನಾನು ನೋಡುವುದು ಇದು, ಎರಡು ಕಾರ್ಡ್ ಹಾಕುವ ಜಾಗ, ಮತ್ತೆ ಬ್ಯಾಟರಿ. ಎಷ್ಟು ಮೆಗಾಪಿಕ್ಸೆಲ್ ಎಂದು ಕೇಳಿದ ಗಿರಾಕಿ ನನಗೆ ಈವರೆಗೆ ಸಿಕ್ಕಿಲ್ಲ.

ಅಂಗಡಿಯಲ್ಲಿ ಯಾರೂ ಹೇಳದ ಇನ್ನೊಂದು ವಿಷಯವಿದೆ. ಸಣ್ಣ ಊರಲ್ಲಿ ನಿಮ್ಮ ಸುತ್ತಲಿನವರು ಯಾವ ಮೌಂಟ್ ಇಟ್ಟುಕೊಂಡಿದ್ದಾರೆ ಎಂದು ಮೊದಲು ವಿಚಾರಿಸಿ. ಮುಹೂರ್ತ ಹತ್ತೂ ಹದಿನೈದಕ್ಕೆ, ನಿಮ್ಮ ಬಾಡಿ ಹತ್ತಕ್ಕೆ ಕೈಕೊಡುತ್ತದೆ. ಸರ್ವಿಸ್ ಸೆಂಟರ್ ಬೆಂಗಳೂರಿನಲ್ಲಿ. ಆಗ ಕೆಲಸಕ್ಕೆ ಬರುವುದು ಪಕ್ಕದ ಬೀದಿಯ ಸ್ಟುಡಿಯೊದವನ ಬಾಡಿ, ಅದೂ ನಿಮ್ಮ ಲೆನ್ಸ್ ಅದಕ್ಕೆ ಕೂತರೆ ಮಾತ್ರ. ನಮ್ಮೂರಲ್ಲಿ ನಾವು ಐದಾರು ಜನ ಒಂದೇ ಮೌಂಟ್‌ನಲ್ಲಿದ್ದೇವೆ. ಒಬ್ಬನ ಹತ್ತಿರ 70-200, ಇನ್ನೊಬ್ಬನ ಹತ್ತಿರ ವೈಡ್, ನನ್ನ ಹತ್ತಿರ 85. ಯಾರೂ ಎಲ್ಲವನ್ನೂ ಕೊಂಡಿಲ್ಲ, ಎಲ್ಲರ ಬಳಿಯೂ ಎಲ್ಲವೂ ಇದೆ.

ಹುಡುಗ ಕೊನೆಗೆ ಸೆಕೆಂಡ್ ಹ್ಯಾಂಡ್ ಬಾಡಿ ಕೊಂಡ. ಉಳಿದ ದುಡ್ಡಿಗೆ ಒಂದು 2.8 ಜೂಮ್. ಕೊಳ್ಳುವ ಮುಂಚೆ ಲೆನ್ಸಿನೊಳಗೆ ಟಾರ್ಚ್ ಬಿಟ್ಟು ಇಬ್ಬರೂ ನೋಡಿದೆವು. ಮಲೆನಾಡಿನ ಮಳೆಯಲ್ಲಿ ಬೀರುವಿನಲ್ಲಿಟ್ಟ ಲೆನ್ಸ್‌ಗೆ ಜೇಡರ ಬಲೆಯಂತೆ ಫಂಗಸ್ ಹಿಡಿಯುತ್ತದೆ, ಗಾಜಿನ ಲೇಪನ ತಿಂದ ಮೇಲೆ ಒರೆಸಿದರೂ ಹೋಗುವುದಿಲ್ಲ. ಅವನದ್ದು ಚೊಕ್ಕವಾಗಿತ್ತು.

ಮೊನ್ನೆ ಬಂದು, ‘ಅಣ್ಣ, ಭಾನುವಾರ ನಾಮಕರಣ ಇದೆ, 85 ಕೊಡ್ತೀರಾ?’ ಅಂದ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆಗೇ ಇಟ್ಟು ಕೊಟ್ಟೆ. ಪೊಟ್ಟಣವೂ ವಾಪಸ್ ಬರಬೇಕು ಎಂದು ಹೇಳಿದ್ದೇನೆ.