ಪೊಂಪೆಯೋ ಸಂಭಾವನೆ ಮತ್ತು ಆಪ್ಷನ್ ಎಂಬ ಕಲಮು

ಅಮೆರಿಕದ ಟಿವಿ ನಟಿ ಎಲೆನ್ ಪೊಂಪೆಯೋ ಸಂಭಾವನೆಯ ಮಾತು ಬಂದಾಗಲೆಲ್ಲ ಯುವ ಕಲಾವಿದರು ಹೇಳುವುದು ಒಂದೇ: ‘ಆಕೆ ಧೈರ್ಯವಾಗಿ ಕೇಳಿದರು, ಕೊಟ್ಟರು.’ ದಯವಿಟ್ಟು ಹಾಗೆ ಓದಿಕೊಳ್ಳಬೇಡಿ. ಆಕೆ ಮೆರೆಡಿತ್ ಗ್ರೇ ಎಂಬ ಮುಖ್ಯ ಪಾತ್ರ ಮಾಡುವ ಆಸ್ಪತ್ರೆ ಸರಣಿ ‘ಗ್ರೇಸ್ ಅನಾಟಮಿ’ ಎಬಿಸಿ ಚಾನೆಲ್‌ನಲ್ಲಿ ಶುರುವಾದದ್ದು 2005ರ ಮಾರ್ಚ್ 27ಕ್ಕೆ. ಎಪಿಸೋಡಿಗೆ 5,75,000 ಡಾಲರ್‌ಗೂ ಹೆಚ್ಚು, ವರ್ಷಕ್ಕೆ 2 ಕೋಟಿ ಡಾಲರ್ ದಾಟುವ ಆ ಒಪ್ಪಂದ ಆದದ್ದು 2017ರ ಕೊನೆಗೆ. ನಡುವಿನ ಹನ್ನೆರಡು ವರ್ಷ ಆಕೆಗೆ ಧೈರ್ಯ ಇರಲಿಲ್ಲವೇ?

ಅಮೆರಿಕದ ನೆಟ್‌ವರ್ಕ್ (ಎಬಿಸಿಯಂಥ ದೊಡ್ಡ ಚಾನೆಲ್) ಡ್ರಾಮಾಗಳಲ್ಲಿ ಮುಖ್ಯ ಪಾತ್ರಕ್ಕೆ ಕೊನೆಯ ಸುತ್ತಿನ ಆಡಿಷನ್ ಕೊಡುವ ಮೊದಲೇ ಒಪ್ಪಂದಕ್ಕೆ ಸಹಿ ಬಿದ್ದಿರಬೇಕು. ಪಾತ್ರ ಇನ್ನೂ ಸಿಕ್ಕಿಲ್ಲ, ಆದರೆ ಮುಂದಿನ ಆರೇಳು ಸೀಸನ್ನಿನ ಪೇಮೆಂಟ್ ಆಗಲೇ ಬರೆದಿರುತ್ತದೆ, ಸೀಸನ್ನಿಗೆ ಸಾಮಾನ್ಯವಾಗಿ ಶೇ 4–5ರಷ್ಟು ಏರಿಕೆ ಸೇರಿಸಿ. ಇದನ್ನು ನೋಡಿ ‘ಏಳು ವರ್ಷ ಕೆಲಸ ಗ್ಯಾರಂಟಿ’ ಎಂದು ಹಿಗ್ಗುವವರೇ ಜಾಸ್ತಿ. ಯಾವ ಗ್ಯಾರಂಟಿಯೂ ಇಲ್ಲ. ಪ್ರತಿ ಸೀಸನ್ ಮುಗಿದ ಮೇಲೆ ಮುಂದುವರಿಸುವ ಹಕ್ಕು, ಅಂದರೆ ಆಪ್ಷನ್, ಸ್ಟುಡಿಯೋದ್ದು. ಅವರು ಬೇಡವೆಂದರೆ ನಿಮ್ಮ ಕೆಲಸ ಹೋಯಿತು. ನೀವು ಬೇಡವೆಂದರೆ ಒಪ್ಪಂದ ಮುರಿದ ಆರೋಪ ನಿಮ್ಮ ತಲೆಗೆ. ಅವರು ತೀರ್ಮಾನ ಹೇಳುವ ಗಡುವಿನವರೆಗೂ ನೀವು ಸಾಮಾನ್ಯವಾಗಿ ಬೇರೆ ಸರಣಿಯ ಮುಖ್ಯ ಪಾತ್ರ ಒಪ್ಪಿಕೊಳ್ಳುವಂತಿಲ್ಲ. ಈ ಕಲಮನ್ನು ಎರಡು ಸಲ ಓದಿ, ಆಮೇಲೆ ದುಡ್ಡಿನ ಪುಟಕ್ಕೆ ಹೋಗಿ.

ಏಳು ಎಂಬ ಲೆಕ್ಕ ಕ್ಯಾಲಿಫೋರ್ನಿಯಾದ ಕಾರ್ಮಿಕ ಕಾನೂನಿನದು: ಏಳು ವರ್ಷ ಮೀರಿ ಇಂಥ ಒಪ್ಪಂದದಲ್ಲಿ ಯಾರನ್ನೂ ಕಟ್ಟಿಹಾಕುವಂತಿಲ್ಲ. ಹಿಂದೆ ಸ್ಟುಡಿಯೋಗಳು ಪಾತ್ರ ಒಲ್ಲೆನೆಂದ ನಟಿಯನ್ನು ಅಮಾನತಿನಲ್ಲಿಟ್ಟು, ಆ ತಿಂಗಳುಗಳನ್ನು ಒಪ್ಪಂದದ ಕೊನೆಗೆ ಸೇರಿಸಿ ಎಳೆಯುತ್ತಿದ್ದವು. ನಟಿ ಒಲಿವಿಯಾ ಡಿ ಹ್ಯಾವಿಲ್ಯಾಂಡ್ ವಾರ್ನರ್ ಬ್ರದರ್ಸ್ ಸ್ಟುಡಿಯೋ ವಿರುದ್ಧ ಕೋರ್ಟಿಗೆ ಹೋದರು. ಏಳು ವರ್ಷವೆಂದರೆ ಕ್ಯಾಲೆಂಡರಿನ ಏಳು ವರ್ಷವೇ ಎಂದು 1944ರಲ್ಲಿ ಗೆದ್ದರು. ಇಂದಿಗೂ ನಟನಟಿಯರು ಆ ಹೆಣ್ಣುಮಗಳ ಋಣದಲ್ಲಿದ್ದಾರೆ.

ಸರಣಿ ಗೆದ್ದರೆ ನಡುವೆಯೇ ಸಂಭಾವನೆ ಏರಿಸುವುದುಂಟು, ಆದರೆ ಬದಲಿಗೆ ಇನ್ನೊಂದೆರಡು ವರ್ಷ ಬರೆಸಿಕೊಳ್ಳುತ್ತಾರೆ. ಗ್ರೇಸ್‌ನ ಮೂಲ ತಂಡದಲ್ಲಿ ಉಳಿದಿದ್ದ ಆರು ಮಂದಿ 2012ರಲ್ಲಿ ಮತ್ತೆ ಎರಡು ವರ್ಷಕ್ಕೆ ಸಹಿ ಹಾಕಿದರು. ಆಗಲೂ ಪೊಂಪೆಯೋ ಕೈ ಪೂರ್ತಿ ಮೇಲಾಗಲಿಲ್ಲ. ಸರಣಿಗೆ ತನ್ನ ಪಾತ್ರದ್ದೇ ಹೆಸರು, ಹಾಗಾಗಿ ಸಹನಟ ಪ್ಯಾಟ್ರಿಕ್ ಡೆಂಪ್ಸಿಗಿಂತ 5,000 ಡಾಲರ್ ಹೆಚ್ಚು ಕೊಡಿ ಎಂದು ಒಮ್ಮೆ ಕೇಳಿದರೂ ಸಿಗಲಿಲ್ಲವೆಂದು ಆಕೆಯೇ ಹೇಳಿಕೊಂಡಿದ್ದಾರೆ. ‘ನೀವಿಲ್ಲದಿದ್ದರೆ ಅವರಿದ್ದಾರೆ’ ಎಂಬ ಮಾತು ಚಾನೆಲ್ ಬಳಿ ಇತ್ತು. 2015ರಲ್ಲಿ ಡೆಂಪ್ಸಿ ಹೊರಟರು, ಆ ಮಾತೂ ಹೋಯಿತು. ಹಳೆ ಒಪ್ಪಂದ ಮುಗಿಯುವ ಕಾಲ ಬಂತು, ಬದಲಿಗೆ ನಿಲ್ಲಿಸಲು ಇನ್ನೊಬ್ಬರಿಲ್ಲ. ಎರಡೂ ಕೂಡಿದಾಗ ಕೇಳಿದ್ದಕ್ಕೇ ಆ ಮೊತ್ತ ಬಂತು. ಪ್ರಶಸ್ತಿಯ ಬಲವೆನ್ನೋಣವೆಂದರೆ, ಮೆರೆಡಿತ್ ಪಾತ್ರಕ್ಕೆ ಆಕೆಗೆ ಟಿವಿಯ ದೊಡ್ಡ ಪ್ರಶಸ್ತಿಯಾದ ಎಮ್ಮಿಯ ನಾಮನಿರ್ದೇಶನ ಒಮ್ಮೆಯೂ ಸಿಕ್ಕಿಲ್ಲ.

2017ರ ಆ ಒಪ್ಪಂದದಲ್ಲಿ ಸರಣಿಯ ಗಳಿಕೆಯಲ್ಲಿ ಪಾಲು ಕೊಡುವ ಎರಡು ‘ಪಾಯಿಂಟ್’ ಕೂಡ ಇದ್ದವು. ಒಂದು ಪಾಯಿಂಟ್ ಎಂದರೆ ಶೇ 1. ಯಾವುದರ ಶೇ 1 ಎಂದು ಕೇಳುವವರು ಕಡಿಮೆ. ವಿತರಣಾ ಶುಲ್ಕ, ನಿರ್ಮಾಣ ವೆಚ್ಚ, ಕಚೇರಿ ಖರ್ಚು, ಬಡ್ಡಿ ಎಲ್ಲ ಕಳೆದು ಉಳಿದದ್ದರಲ್ಲಿ ಪಾಲು ಎಂದಿದ್ದರೆ, ಹೆಸರು ಮಾಡಿದ ಸರಣಿಯೂ ಕಾಗದದ ಮೇಲೆ ನಷ್ಟದಲ್ಲೇ ಇರಬಹುದು. ಶೇಕಡಾ ಎಷ್ಟು ಎನ್ನುವುದಕ್ಕಿಂತ ಮೊದಲು ಕಳೆಯುವ ಬಾಬ್ತುಗಳ ಪಟ್ಟಿ ನೋಡಿ.

ಕ್ಯಾಲಿಫೋರ್ನಿಯಾದ ಏಳು ವರ್ಷದ ಮಿತಿ ಇಲ್ಲಿನ ಸೀರಿಯಲ್ ಒಪ್ಪಂದಕ್ಕೆ ಅನ್ವಯಿಸುವುದಿಲ್ಲ. ನಿಮ್ಮದನ್ನು ಇಲ್ಲಿನ ವಕೀಲರಿಗೇ ತೋರಿಸಿ. ತೋರಿಸುವಾಗ ದಿನದ ಪೇಮೆಂಟ್ ಜೊತೆಗೆ ಇದನ್ನೂ ಕೇಳಿ: ಅವಧಿ ಯಾವ ತಾರೀಖಿಗೆ ಮುಗಿಯುತ್ತದೆ, ಮುಂದುವರಿಸುವ ಹಕ್ಕು ಯಾರದ್ದು, ಎಷ್ಟು ದಿನ ಮೊದಲು ತಿಳಿಸಬೇಕು. ಪೊಂಪೆಯೋ 19ನೇ ಸೀಸನ್ನಿನಲ್ಲಿ ಎಂಟೇ ಎಪಿಸೋಡಿನಲ್ಲಿ ನಟಿಸಿ, ಹಿನ್ನೆಲೆ ಧ್ವನಿಯನ್ನು ಮುಂದುವರಿಸಿ, ಉಳಿದ ಸಮಯವನ್ನು ಬೇರೆ ಸರಣಿಗೆ ಇಟ್ಟುಕೊಂಡರು. ಅಂಥ ಬಿಡುವನ್ನೂ ಸಹಿ ಹಾಕುವ ಮೊದಲೇ ಬರೆಸಿಕೊಳ್ಳಬೇಕಾಗುತ್ತದೆ.