ರೆಡ್ ಬೀನ್ಸ್ ಅಂದ್ರೆ ನಮ್ಮ ರಾಜ್ಮಾ ತಾನೇ?

ಪ್ರಶ್ನೆ: ಮುಂದಿನ ತಿಂಗಳು ಅಪ್ಪ ಅಮ್ಮನ ಜೊತೆ ನ್ಯೂ ಆರ್ಲಿಯನ್ಸ್‌ಗೆ ಹೋಗುತ್ತಿದ್ದೇವೆ. ಸಂಜೆಯಿಂದ ರಾತ್ರಿವರೆಗೂ ಅಲ್ಲಿನ ಹಳೇ ಬಡಾವಣೆ ಫ್ರೆಂಚ್ ಕ್ವಾರ್ಟರ್‌ನಲ್ಲೇ ಸುತ್ತಾಟ, ಅಲ್ಲೇ ಊಟ. ನಾವೆಲ್ಲ ಸಸ್ಯಾಹಾರಿಗಳು. ಅಲ್ಲಿನ ರೆಡ್ ಬೀನ್ಸ್ ಅಂಡ್ ರೈಸ್ ನಮ್ಮ ರಾಜ್ಮಾ ಅನ್ನದ ಹಾಗೇ ಅಲ್ವಾ? ಅದನ್ನೇ ತಿಂದುಕೊಂಡು ಎರಡು ದಿನ ಕಳೆಯಬಹುದಾ?

ಕಳೆಯೋಕಾಗಲ್ಲ. ಇಷ್ಟೇ ಉತ್ತರ. ಆದರೆ ಇಷ್ಟಕ್ಕೇ ನಿಲ್ಲಿಸಿದರೆ ನೀವು ನಂಬುವುದಿಲ್ಲ ಅಂತ ನನಗೆ ಗೊತ್ತು. ನಾನಿರುವ ಹ್ಯೂಸ್ಟನ್‌ನಿಂದ ಐ-10 ಹೆದ್ದಾರಿ ಹಿಡಿದರೆ ಆರು ಗಂಟೆಯೊಳಗೆ ಸಿಗುವ ಊರು ಅದು. ಲಾಂಗ್ ವೀಕೆಂಡ್ ಬಂತು ಅಂದ್ರೆ ಇಲ್ಲಿನ ನಮ್ಮ ಜನ ಹೊರಡುತ್ತಾರೆ, ಹೊರಡುವ ಮುಂಚೆ ನನ್ನನ್ನು ಇದೇ ಪ್ರಶ್ನೆ ಕೇಳುತ್ತಾರೆ. ಬೇಡ ಅಂತೀನಿ. ಹೂಂ ಅಂತಾರೆ. ಹೋಗಿ ಅದನ್ನೇ ತಿಂದು ಫೋಟೋ ಕಳಿಸುತ್ತಾರೆ. ಆದ್ದರಿಂದ ಈ ಸಲ ಒಂದು ಸಲಕ್ಕೆ ಪೂರ್ತಿ ಬರೆದುಬಿಡುತ್ತೇನೆ.

ಮೊದಲು ರೆಡ್ ಬೀನ್ಸ್ ಹುಟ್ಟಿದ ರೀತಿ ಕೇಳಿ. ಅದು ಅಲ್ಲಿ ಸೋಮವಾರದ ಅಡುಗೆ. ಸೋಮವಾರ ಬಟ್ಟೆ ಒಗೆಯುವ ದಿನವಾಗಿತ್ತು. ಒಗೆಯುವವರಿಗೆ ಒಲೆ ಮುಂದೆ ನಿಲ್ಲಲು ಪುರುಸೊತ್ತು ಎಲ್ಲಿ? ನೆನೆಹಾಕಿದ ಕಾಳನ್ನು ಬೆಳಿಗ್ಗೆ ಸಣ್ಣ ಉರಿಯಲ್ಲಿಟ್ಟರೆ ಸಂಜೆಗೆ ತಾನಾಗಿ ಬೆಂದು ಬೆಣ್ಣೆಯಾಗಿರುತ್ತಿತ್ತು. ಇಲ್ಲಿಯವರೆಗೆ ನಿಮಗೆ ಖುಷಿ. ಆದರೆ ಆ ಪಾತ್ರೆಗೆ ಇನ್ನೊಂದು ಸಾಮಾನು ಬೀಳುತ್ತಿತ್ತು. ಭಾನುವಾರದ ಊಟದಲ್ಲಿ ಉಳಿದ ಹಂದಿಯ ಮೂಳೆ. ಅದೇ ಆ ಅಡುಗೆಯ ಜೀವಾಳ. ಈಗಲೂ ಹಂದಿ ಕಾಲಿನ ಹೊಗೆ ಹಾಕಿದ ಗಿಣ್ಣು, ಉಪ್ಪಿನಲ್ಲಿಟ್ಟ ಮಾಂಸ, ಆಂಡೂಯಿ ಅನ್ನುವ ಸಾಸೇಜು, ಈ ಮೂರರಲ್ಲಿ ಒಂದಾದರೂ ಇರುತ್ತದೆ. ಮೂರೂ ಇದ್ದರೂ ಆಶ್ಚರ್ಯಪಡಬೇಡಿ. ಆ ಊರಿನ ಮಗ, ಜಾಝ್ ಸಂಗೀತಗಾರ ಲೂಯಿ ಆರ್ಮ್‌ಸ್ಟ್ರಾಂಗ್ ಕಾಗದ ಬರೆದು ಕೊನೆಗೆ 'ರೆಡ್ ಬೀನ್ಸ್ ಅಂಡ್ ರೈಸ್‌ಲೀ ಯುವರ್ಸ್' ಅಂತ ಸಹಿ ಹಾಕುತ್ತಿದ್ದ. ಅಷ್ಟು ಪ್ರೀತಿ ಬರೀ ಕಾಳಿನ ಮೇಲೆ ಹುಟ್ಟಿದ್ದಲ್ಲ.

"ಆದ್ರೆ ಮೆನುವಿನಲ್ಲಿ ಮಾಂಸ ಅಂತ ಬರೆದೇ ಇರಲಿಲ್ಲ!"

ಈ ಮಾತು ಎಷ್ಟು ಸಲ ಕೇಳಿದ್ದೇನೋ. ಬರೆದಿರುವುದಿಲ್ಲ, ಸರಿ. ನೀವು ಬೇಳೆಸಾರಿನ ಬಗ್ಗೆ ಹೇಳುವಾಗ 'ಇಂಗು ಹಾಕಿದ ಬೇಳೆಸಾರು' ಅನ್ನುತ್ತೀರಾ? ಇಂಗು ಇರುವುದು ಇದ್ದದ್ದೇ, ಹೇಳುವಂಥದ್ದೇನಿದೆ. ಆ ಊರಿನ ಅಡುಗೆಯಲ್ಲಿ ಹಂದಿಗೂ ಅದೇ ಜಾಗ. ಅದು ಅವರ ಒಗ್ಗರಣೆ. ಯಾರೂ ಮುಚ್ಚಿಡುತ್ತಿಲ್ಲ, ಯಾರೂ ಮೋಸ ಮಾಡುತ್ತಿಲ್ಲ. ಒಗ್ಗರಣೆಯನ್ನು ಲೆಕ್ಕಕ್ಕೆ ಹಿಡಿದಿಲ್ಲ, ಅಷ್ಟೇ.

ಇದನ್ನು ನಾನು ಪುಸ್ತಕ ಓದಿ ಕಲಿತಿದ್ದಲ್ಲ. ಮೊದಲ ಸಲ ಹೋದಾಗ ಡೆಕೇಟರ್ ಸ್ಟ್ರೀಟ್ ಹತ್ತಿರದ ಒಂದು ಸಣ್ಣ ಹೋಟೆಲಿಗೆ ನುಗ್ಗಿದೆ. ಗೋಡೆ ತುಂಬ ಹಳೇ ಬ್ಯಾಂಡ್‌ಗಳ ಫೋಟೋ, ಮೇಜಿನ ಮೇಲೆ ಖಾರದ ಸಾಸಿನ ನಾಲ್ಕು ಬಾಟಲಿ. ಬಡಿಸುವಾಕೆಯನ್ನು ಬಹಳ ಜಾಣನ ಹಾಗೆ "ನೋ ಮೀಟ್, ರೈಟ್?" ಅಂತ ಕೇಳಿದೆ. ಆಕೆ ನಕ್ಕು, "ನೋ ಬೇಬಿ, ಜಸ್ಟ್ ಸೀಸನಿಂಗ್" ಅಂದಳು. ಅಲ್ಲಿ ಎಲ್ಲರೂ ಎಲ್ಲರನ್ನೂ ಬೇಬಿ ಅಂತಾರೆ, ನೀವು ಅರವತ್ತರವರಾದರೂ. ಸೀಸನಿಂಗ್ ಅಂದ್ರೆ ಉಪ್ಪು, ಮೆಣಸು ಅಂದುಕೊಂಡೆ. ತಟ್ಟೆ ಬಂತು. ಮಧ್ಯೆ ಬಟ್ಟಲು ಕವುಚಿ ಹಾಕಿದ ಬಿಳಿ ಅನ್ನ, ಸುತ್ತ ಕೆಂಪು-ಕಂದು ಗ್ರೇವಿ, ಮೇಲೆ ಹೆಚ್ಚಿದ ಈರುಳ್ಳಿ ಹೂವು. ಮೊದಲ ಚಮಚ, ಆಹಾ. ಎರಡನೆಯದು, ಆಹಾ. ಮೂರನೆಯದರಲ್ಲಿ ಏನೋ ಗುಲಾಬಿ ಬಣ್ಣದ ಎಳೆ ಎಳೆ. ಹುಳಿಯಲ್ಲಿ ಬೆಂದು ಕರಗಿದ ಕುಂಬಳಕಾಯಿ ಇರಬೇಕು ಅಂತ ಒಂದು ಕ್ಷಣ ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ನ್ಯೂ ಆರ್ಲಿಯನ್ಸ್‌ನಲ್ಲಿ ಹುಳಿ ಎಲ್ಲಿಂದ ಬರಬೇಕು!

ಆಕೆ ಸುಳ್ಳು ಹೇಳಿರಲಿಲ್ಲ. ಅವರ ಲೆಕ್ಕದಲ್ಲಿ ಮೀಟ್ ಅಂದರೆ ತಟ್ಟೆಯಲ್ಲಿ ತುಂಡಾಗಿ ಕೂರುವಂಥದ್ದು. ರುಚಿಗೆ ಹಾಕಿದ್ದು ಸೀಸನಿಂಗ್. ಹಾಗಾಗಿ "ಮಾಂಸ ಇದೆಯಾ" ಅಂತ ಕೇಳಲೇಬೇಡಿ. "ಇದನ್ನು ಏನು ಹಾಕಿ ಬೇಯಿಸಿದ್ದೀರಿ? ಹಂದಿ, ಕೋಳಿ, ಸೀಗಡಿ, ಸ್ಟಾಕ್ (ಮಾಂಸ, ಮೂಳೆ ಬೇಯಿಸಿದ ನೀರು), ಏನಾದರೂ?" ಅಂತ ಹೆಸರು ಹಿಡಿದು ಕೇಳಿ. ಆಗ ಸರಿಯಾದ ಉತ್ತರ ಬರುತ್ತದೆ, ಬೇಸರವಿಲ್ಲದೆ ಬರುತ್ತದೆ. ಗೊತ್ತಿಲ್ಲದಿದ್ದರೆ ಒಳಗೆ ಹೋಗಿ ಕೇಳಿಕೊಂಡು ಬರುತ್ತಾರೆ.

"ತುಂಡು ಎತ್ತಿಟ್ಟು ತಿಂದರಾಯ್ತಲ್ಲ" ಅನ್ನುವವರಿಗೆ ನನ್ನ ಹತ್ತಿರ ಉತ್ತರವಿಲ್ಲ. ನಿಮ್ಮ ನಾಲಿಗೆ, ನಿಮ್ಮ ಇಷ್ಟ. ಆದರೆ ನಾಲ್ಕೈದು ಗಂಟೆ ಕಾಳಿನ ಜೊತೆ ಕುದ್ದಿದ್ದನ್ನು ಎತ್ತಿಡೋಕೆ ಆಗಲ್ಲ ಅನ್ನುವುದು ತಿಳಿದಿರಲಿ.

ರೆಡ್ ಬೀನ್ಸ್ ಹೋಯ್ತು, ಗಂಬೋ ಇದೆಯಲ್ಲ, ಅದರಲ್ಲಿ ಬೆಂಡೆಕಾಯಿ ಇರುತ್ತಂತಲ್ಲ? ಇರುತ್ತೆ. ಗಂಬೋ ಅನ್ನುವ ಹೆಸರೇ ಬೆಂಡೆಕಾಯಿಗೆ ಆಫ್ರಿಕಾದ ಭಾಷೆಗಳಲ್ಲಿರುವ ಪದದಿಂದ ಬಂದಿದ್ದು ಅಂತಾರೆ. ಗುಲಾಮರಾಗಿ ಹಿಡಿದು ತಂದ ಜನ ಆ ರುಚಿಯನ್ನು ತಮ್ಮ ಜೊತೆ ತಂದರು. ಆದರೆ ಬೆಂಡೆಕಾಯಿ ಅಲ್ಲಿ ಸಾರು ಗಟ್ಟಿಯಾಗಲಿ ಅಂತ ಹಾಕುವುದು. ಸಾರಿನೊಳಗೆ ಸೀಗಡಿ, ಏಡಿ, ಕೋಳಿ, ಸಾಸೇಜು. ಹಿಟ್ಟನ್ನು ಎಣ್ಣೆಯಲ್ಲಿ ಚಾಕಲೇಟ್ ಬಣ್ಣ ಬರುವವರೆಗೆ ಕೈ ಬಿಡದೆ ಕೆದಕುವ ರೂ ಅನ್ನುವ ಕೆಲಸ ನೋಡಿದರೆ ಮೈಸೂರು ಪಾಕ್ ಮಾಡುವವರು ತಲೆದೂಗುತ್ತಾರೆ. ನೋಡಿ ಸಂತೋಷಪಡಿ.

'ಗ್ರೀನ್ ಗಂಬೋ' ಅಂತ ಇನ್ನೊಂದಿದೆ, ಗಂಬೋ ಝರ್ಬ್. ಏಳೋ ಒಂಬತ್ತೋ ಬಗೆಯ ಸೊಪ್ಪು ಹಾಕುತ್ತಾರೆ. ಎಷ್ಟು ಸೊಪ್ಪೋ ಅಷ್ಟು ಹೊಸ ಸ್ನೇಹಿತರು ಸಿಗುತ್ತಾರೆ ಅಂತ ನಂಬಿಕೆ. ಹೆಸರು ಕೇಳಿದರೆ ಬಸ್ಸಾರು ನೆನಪಾಗುತ್ತೆ ಅಲ್ವಾ? ಫ್ರೆಂಚ್ ಕ್ವಾರ್ಟರ್ ಪಕ್ಕದ ಟ್ರೆಮೆ ಬಡಾವಣೆಯಲ್ಲಿ ಲೀಯಾ ಚೇಸ್ ಅನ್ನುವ ದೊಡ್ಡ ಅಡುಗೆಯವರಿದ್ದರು, 2019ರಲ್ಲಿ ತೀರಿಕೊಂಡರು. ಗುಡ್ ಫ್ರೈಡೆಯ ಹಿಂದಿನ ಗುರುವಾರ ಅವರ ಡೂಕಿ ಚೇಸ್ ಹೋಟೆಲಿನ ಈ ಸೊಪ್ಪಿನ ಗಂಬೋಗೆ ಜನ ಮುಗಿಬೀಳುತ್ತಿದ್ದರು. ಮಾರನೆಯ ದಿನ ಮಾಂಸ ತಿನ್ನುವ ಹಾಗಿಲ್ಲವಲ್ಲ, ಅದಕ್ಕೇ ಗುರುವಾರದ ಆ ಸೊಪ್ಪಿನೊಳಗೆ ನಾನಾ ಬಗೆಯ ಮಾಂಸ!

ಇನ್ನು ಆಲೂಗಡ್ಡೆ ಪೋ'ಬಾಯ್. ಪೋ'ಬಾಯ್ ಅಂದರೆ ಉದ್ದನೆಯ ಫ್ರೆಂಚ್ ಬ್ರೆಡ್ಡಿನ ಸ್ಯಾಂಡ್‌ವಿಚ್. 1929ರಲ್ಲಿ ಟ್ರಾಮ್ ನೌಕರರು ಮುಷ್ಕರ ಹೂಡಿದಾಗ, ಹಿಂದೆ ತಾವೂ ಟ್ರಾಮಿನಲ್ಲಿ ದುಡಿದಿದ್ದ ಮಾರ್ಟಿನ್ ಸಹೋದರರು ಅವರಿಗೆ ಪುಕ್ಕಟೆ ಊಟ ಕೊಟ್ಟರು. 'ಅಗೋ, ಇನ್ನೊಬ್ಬ ಪಾಪದ ಹುಡುಗ ಬಂದ' ಅನ್ನುತ್ತಿದ್ದರಂತೆ, ಹೆಸರು ಹಾಗೇ ಉಳಿಯಿತು. ಬ್ರೆಡ್ಡಿನೊಳಗೆ ಫ್ರೆಂಚ್ ಫ್ರೈಸ್ ತುಂಬಿದ ಬಗೆಯೂ ಇದೆ. ಮೆನುವಿನಲ್ಲಿ ಅದನ್ನು ಕಂಡವರ ಮುಖ ಅರಳುತ್ತದೆ. ನಿಲ್ಲಿ. ಸಾಂಪ್ರದಾಯಿಕವಾಗಿ ಆ ಆಲೂಗಡ್ಡೆಯ ಮೇಲೆ ಸುರಿಯುವುದು ರೋಸ್ಟ್ ಬೀಫಿನ ಗ್ರೇವಿ. ಗ್ರೇವಿ ಬೇಡ ಅಂತ ಬಾಯಿಬಿಟ್ಟು ಹೇಳಬೇಕು. "ಡ್ರೆಸ್ಡ್?" ಅಂತ ಕೇಳಿದರೆ ಗಾಬರಿಯಾಗಬೇಡಿ, ಸೊಪ್ಪು, ಟೊಮೆಟೊ, ಉಪ್ಪಿನಕಾಯಿ ಸೌತೆ, ಮೇಯೊನೇಸ್ ಹಾಕಲಾ ಅಂತ ಅರ್ಥ. ಮೇಯೊನೇಸ್‌ನಲ್ಲಿ ಮೊಟ್ಟೆ ಇದೆ, ಅದು ನಿಮ್ಮ ಲೆಕ್ಕ. ಫ್ರೈಸ್ ಕರಿದ ಎಣ್ಣೆಯಲ್ಲೇ ಸೀಗಡಿಯೂ ಕರಿದಿರಬಹುದು, ಅದನ್ನೂ ಕೇಳಿ.

ಹಾಗಾದರೆ ತಿನ್ನೋದೇನು? ಸಿಗುತ್ತೆ, ಉಪವಾಸ ಬೀಳಲ್ಲ. ಮಫಲೆಟ್ಟಾ ಅನ್ನುವ ದುಂಡು ಬ್ರೆಡ್ಡಿನ ಸ್ಯಾಂಡ್‌ವಿಚ್ಚನ್ನು ಕೆಲವು ಕಡೆ ಬರೀ ಚೀಸ್ ಮತ್ತು ಆಲಿವ್ ಸಲಾಡ್ ಹಾಕಿ ಕೊಡುತ್ತಾರೆ. ಆ ಆಲಿವ್ ಸಲಾಡ್ ನಮ್ಮ ಉಪ್ಪಿನಕಾಯಿಯ ಸೋದರಮಾವ. ಫಲಾಫೆಲ್, ಹಮ್ಮಸ್ ಸಿಗುವ ಅಂಗಡಿಗಳಿವೆ. ಪ್ರಾಲೀನ್ ಅನ್ನುವ ಪೆಕಾನ್ ಮಿಠಾಯಿ ಚಿಕ್ಕಿಯ ಮೆತ್ತನೆ ರೂಪ, ಅಮ್ಮನಿಗೆ ಖಂಡಿತ ಹಿಡಿಸುತ್ತೆ. ಮತ್ತೆ ಬೆನ್ಯೇ. ಅದಕ್ಕೆ ಆಮೇಲೆ ಬರುತ್ತೇನೆ. ಟಿಪ್ ಮಾತ್ರ 20 ಪರ್ಸೆಂಟ್ ಇಡಿ, ವಾದ ಬೇಡ. ಲೂಯಿಸಿಯಾನಾದಲ್ಲಿ ಬಡಿಸುವವರಿಗೆ ಕಾನೂನಿನ ಪ್ರಕಾರ ಮಾಲೀಕ ಕೊಡಬೇಕಾದ ಕನಿಷ್ಠ ಸಂಬಳ ಗಂಟೆಗೆ 2 ಡಾಲರ್ 13 ಸೆಂಟ್. 1991ರಿಂದ ಅಷ್ಟೇ ಇದೆ. ನಿಮ್ಮ ಹತ್ತು ಪ್ರಶ್ನೆಗೆ ಒಳಗೆ ಹೊರಗೆ ಓಡಾಡಿದವಳು ಅವಳೇ.

ರಾತ್ರಿಯ ವಿಷಯ. ಅಪ್ಪ ಅಮ್ಮನನ್ನು ಬೋರ್ಬನ್ ಸ್ಟ್ರೀಟಿಗೆ ಕತ್ತಲಾಗುವ ಮುಂಚೆ ಒಂದು ಸುತ್ತು ಹಾಕಿಸಿ, ಸಾಕು. ಅಲ್ಲಿ ಪ್ಲಾಸ್ಟಿಕ್ ಲೋಟದಲ್ಲಿ ಮದ್ಯ ಹಿಡಿದು ರಸ್ತೆಯಲ್ಲಿ ಓಡಾಡಬಹುದು, ಗೋ-ಕಪ್ ಅಂತಾರೆ. ಗಾಜಿನ ಬಾಟಲಿ ನಡೆಯಲ್ಲ. ಬಾರುಗಳಿಗೆ ಇಷ್ಟು ಹೊತ್ತಿಗೆ ಮುಚ್ಚಬೇಕು ಅನ್ನುವ ಕಟ್ಟುನಿಟ್ಟೂ ಇಲ್ಲ. ಹೊತ್ತು ಏರಿದಂತೆ ಗದ್ದಲ ಏರುತ್ತದೆ, ವಾಸನೆಯೂ. ಸಂಗೀತ ಬೇಕಾದರೆ ಸೇಂಟ್ ಪೀಟರ್ ಸ್ಟ್ರೀಟಿನಲ್ಲಿ ಜಾಝ್ ನುಡಿಸುವ ಪ್ರಿಸರ್ವೇಶನ್ ಹಾಲ್. 1961ರಿಂದ ಇದೆ. ಬಾರು ಅಲ್ಲ, ಮಕ್ಕಳೂ ಬರಬಹುದು, ಕೆಲವರಿಗೆ ಬೆಂಚು, ಕೆಲವರು ನಿಂತೇ ಕೇಳಬೇಕು. ಟಿಕೆಟ್ ಮೊದಲೇ ತೆಗೆದುಕೊಳ್ಳಿ. ಇನ್ನೂ ಶಕ್ತಿ ಇದ್ದರೆ ಎಸ್ಪ್ಲನೇಡ್ ದಾಟಿ ಫ್ರೆಂಚ್‌ಮೆನ್ ಸ್ಟ್ರೀಟಿಗೆ ನಡೆಯಿರಿ, ಒಂದೊಂದು ಬಾಗಿಲಿಂದ ಒಂದೊಂದು ಬ್ಯಾಂಡಿನ ಸದ್ದು. ಬ್ಯಾಂಡಿನವರ ಬಕೆಟ್ ಮುಂದೆ ಬಂದಾಗ ದುಡ್ಡು ಹಾಕಿ.

ಅಂದಹಾಗೆ ಬೋರ್ಬನ್ ಸ್ಟ್ರೀಟಿಗೆ ಆ ಹೆಸರು ವಿಸ್ಕಿಯಿಂದ ಬಂದಿದ್ದಲ್ಲ. 1721ರಲ್ಲಿ ಆದ್ರಿಯೆನ್ ದ ಪೋಜೆ ಅನ್ನುವ ಎಂಜಿನಿಯರ್ ಬೀದಿಗಳ ನಕ್ಷೆ ಹಾಕಿದ, ಹೆಸರಿಟ್ಟಿದ್ದು ಫ್ರಾನ್ಸಿನ ಬೂರ್ಬೋ ರಾಜಮನೆತನಕ್ಕೆ. ಇನ್ನೂ ಮಜಾ ಅಂದ್ರೆ ಫ್ರೆಂಚ್ ಕ್ವಾರ್ಟರ್‌ನಲ್ಲಿ ಫ್ರೆಂಚರ ಕಾಲದ ಕಟ್ಟಡ ಉಳಿದಿರುವುದು ಬಹಳ ಕಮ್ಮಿ. 1788ರ ಗುಡ್ ಫ್ರೈಡೆ ದಿನ ಹೊತ್ತಿದ ಬೆಂಕಿಗೆ ಎಂಟು ನೂರಕ್ಕೂ ಜಾಸ್ತಿ ಕಟ್ಟಡ ಹೋದವು. 1794ರಲ್ಲಿ ಮತ್ತೊಂದು ಬೆಂಕಿ. ಆಗ ಆಳುತ್ತಿದ್ದವರು ಸ್ಪೇನಿನವರು. ಆಮೇಲೆ ಕಟ್ಟಿದ ದಪ್ಪ ಗೋಡೆ, ಒಳಂಗಳ ಎಲ್ಲ ಆ ಕಾಲದ್ದು. ಒಳಂಗಳ ನೋಡಿದರೆ ನಮ್ಮ ತೊಟ್ಟಿಮನೆ ನೆನಪಾಗುತ್ತೆ.

ಈಗ ಯಾರೂ ಕೇಳದ, ಆದರೆ ಕೇಳಬೇಕಾಗಿದ್ದ ಪ್ರಶ್ನೆ. ಅಲ್ಲಿ ಕಾಫಿ ಹೇಗಿರುತ್ತೆ?

ಮನೆಯಂಗೆ ಇರುತ್ತೆ! ಅಮೆರಿಕದಲ್ಲಿ ಎಲ್ಲಿ ಹೋದರೂ ಆ ನೀರು ನೀರು ಕಾಫಿ ಕುಡಿದು ಅಪ್ಪ ಮುಖ ಸಿಂಡರಿಸುತ್ತಾರಲ್ಲ, ಇಲ್ಲಿ ಸಿಂಡರಿಸಲ್ಲ. ಯಾಕೆಂದರೆ ಆ ಊರಿನವರೂ ಕಾಫಿಗೆ ಚಿಕೋರಿ ಹಾಕುತ್ತಾರೆ. ಚಿಕೋರಿ ಒಂದು ಗಿಡದ ಬೇರು, ಹುರಿದು ಪುಡಿ ಮಾಡಿದರೆ ಕಂದು ಬಣ್ಣ, ಸ್ವಲ್ಪ ಕಹಿ, ಸ್ವಲ್ಪ ಸುಟ್ಟ ಬೆಲ್ಲದ ಘಾಟು. ನೆಪೋಲಿಯನ್ ಕಾಲದಲ್ಲಿ ಬ್ರಿಟನ್ನಿನ ಜೊತೆ ವ್ಯಾಪಾರ ನಿಂತು ಕಾಫಿಗೆ ಬರ ಬಂದಾಗ ಫ್ರೆಂಚರಿಗೆ ಇದರ ರೂಢಿ ಜೋರಾಯಿತು. ಅಮೆರಿಕದ ಅಂತರ್ಯುದ್ಧದಲ್ಲಿ ಉತ್ತರದವರ ಹಡಗುಗಳು ದಕ್ಷಿಣದ ಬಂದರುಗಳನ್ನು ಕಟ್ಟಿಹಾಕಿದಾಗ ನ್ಯೂ ಆರ್ಲಿಯನ್ಸ್‌ನವರೂ ಅದನ್ನೇ ನೆಚ್ಚಿದರು. ಯುದ್ಧ ಮುಗಿಯಿತು, ನಾಲಿಗೆ ಬದಲಾಗಲಿಲ್ಲ. 'ಪ್ಯೂರ್ ಕಾಫಿನೇ ಕುಡಿಯೋದು, ಚಿಕೋರಿ ಕಲಬೆರಕೆ' ಅಂತ ಮೂಗೆಳೆಯುವ ನಮ್ಮ ಚಿಕ್ಕಮಗಳೂರಿನ ಸ್ನೇಹಿತರಿಗೆ ಇದನ್ನು ಓದಿ ಹೇಳಿ.

ಜಾಕ್ಸನ್ ಚೌಕದ ಎದುರು, ಡೆಕೇಟರ್ ಸ್ಟ್ರೀಟಿನಲ್ಲಿ ಕೆಫೆ ಡು ಮಾಂಡ್ ಇದೆ. 1862ರಿಂದ. ಹಸಿರು-ಬಿಳಿ ಪಟ್ಟೆಯ ಛಾವಣಿ. ಕಾಫಿ ಒ ಲೇ ಕೇಳಿ, ಅರ್ಧ ಡಿಕಾಕ್ಷನ್, ಅರ್ಧ ಬಿಸಿ ಹಾಲು. ಜೊತೆಗೆ ಬೆನ್ಯೇ, ಒಂದು ಪ್ಲೇಟಿಗೆ ಮೂರು. ಚೌಕಾಕಾರದ, ಉಬ್ಬಿದ, ಬಿಸಿ ಬಿಸಿ ಕರಿದ ತಿಂಡಿ. ಮಂಗಳೂರಿನ ಬನ್ಸನ್ನು ಸಕ್ಕರೆ ಹಿಟ್ಟಿನ ದಿಬ್ಬದೊಳಗೆ ಹೂತಿಟ್ಟ ಹಾಗೆ. ಬಾಯಿಗೆ ಹತ್ತಿರ ಬಂದಾಗ ಉಸಿರು ಎಳೆದುಕೊಳ್ಳಬೇಡಿ, ಕೆಮ್ಮು ಬರುತ್ತೆ. ಎದುರಿಗೆ ಕೂತವರನ್ನು ನಗಿಸಬೇಡಿ. ಕಪ್ಪು ಬಟ್ಟೆಯಂತೂ ಹಾಕಲೇಬೇಡಿ. ಮೊಟ್ಟೆ ತಿನ್ನದವರು ಹಿಟ್ಟಿನಲ್ಲಿ ಏನಿದೆ ಅಂತ ಇಲ್ಲೂ ಕೇಳಿಯೇ ತಿನ್ನಿ.

ಬರುವಾಗ ಅವರ ಹಳದಿ ಡಬ್ಬದ ಕಾಫಿಪುಡಿ ತನ್ನಿ. ಅಮೆರಿಕದ ಬಹಳಷ್ಟು ದಕ್ಷಿಣ ಭಾರತದವರ ಅಡುಗೆಮನೆಯಲ್ಲಿ ಆ ಡಬ್ಬ ಇದೆ, ವಿಯೆಟ್ನಾಮಿನವರ ಮನೆಗಳಲ್ಲೂ. ಸ್ಟೀಲ್ ಫಿಲ್ಟರಿಗೆ ನಡೆಯುತ್ತೆ. ಪುಡಿ ನಮ್ಮದಕ್ಕಿಂತ ಸ್ವಲ್ಪ ತರಿ, ಡಿಕಾಕ್ಷನ್ ಬೇಗ ಇಳಿದುಬಿಡುತ್ತೆ. ಒಂದು ಚಮಚ ಜಾಸ್ತಿ ಹಾಕಿ, ಒತ್ತುಬಿಲ್ಲೆಯಿಂದ ಗಟ್ಟಿಯಾಗಿ ಅದುಮಿ, ನೀರನ್ನು ಎರಡು ಸಲ ಹಾಕಿ. ಮೊದಲ ಸಲ ಬರೀ ಪುಡಿ ನೆನೆಯುವಷ್ಟು.