ಕಣದ ಹೊಟ್ಟು, ಕಣ್ಣಿನ ಬೂಷ್ಟು

ಸುಗ್ಗಿ ಬಂತೆಂದರೆ ಹಾಸನ ಜಿಲ್ಲೆಯಲ್ಲಿ ಟಾರು ರಸ್ತೆಯೇ ಕಣ. ರಾಗಿ, ಹುರುಳಿ ಹರವಿಬಿಟ್ಟರೆ ಬಸ್ಸು, ಲಾರಿಗಳೇ ಒಕ್ಕಣೆ ಮುಗಿಸುತ್ತವೆ. ಹೊಟ್ಟು ತೂರುವವರ ಕಣ್ಣಿಗೂ ಬೀಳುತ್ತದೆ, ಬೈಕಿನಲ್ಲಿ ಹೋಗುವವರ ಕಣ್ಣಿಗೂ. ಸಕಲೇಶಪುರದ ತೋಟಗಳಲ್ಲಿ ಮರಗಸಿ ಮಾಡುವಾಗ, ಅಂದರೆ ನೆರಳಿನ ಮರಗಳ ಕೊಂಬೆ ಸವರುವಾಗ, ಕಡ್ಡಿ ತಾಗುತ್ತದೆ. ಹೆಚ್ಚಿನವು ನೀರು ಎರಚಿಕೊಂಡರೆ ವಾಸಿ. ಕೆಲವು ಗಾಯಗಳಲ್ಲಿ ಮಾತ್ರ ಬೂಷ್ಟು, ಅಂದರೆ ಫಂಗಸ್ ಬೇರೂರಿ, ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರ ಕಾರ್ನಿಯಾದಲ್ಲಿ ಬೂದುಬಣ್ಣದ ಹುಣ್ಣಾಗುತ್ತದೆ.

1879ರಲ್ಲಿ ಜರ್ಮನಿಯ ವೈದ್ಯ ಥಿಯೋಡರ್ ಲೇಬರ್ ಇಂಥ ಹುಣ್ಣನ್ನು ಮೊದಲು ದಾಖಲಿಸಿದಾಗಲೂ ರೋಗಿ ಒಬ್ಬ ರೈತಾಪಿ. ಒಕ್ಕಣೆಯಲ್ಲಿ ಓಟ್ಸ್ ಹೊಟ್ಟು ಕಣ್ಣಿಗೆ ಸಿಡಿದಿತ್ತು. ಕಾಯಿಲೆ ಬರುವ ದಾರಿ ಇಂದಿಗೂ ಅದೇ.

ಮದ್ದು ಬಂದದ್ದು ನಿಧಾನವಾಗಿ. ದಕ್ಷಿಣ ಆಫ್ರಿಕಾದ ಮಣ್ಣಿನ ಸೂಕ್ಷ್ಮಜೀವಿಯಿಂದ 1950ರ ದಶಕದಲ್ಲಿ ಸಿಕ್ಕ ನಟಾಮೈಸಿನ್‌ಗೆ ಅಮೆರಿಕದಲ್ಲಿ ಕಣ್ಣಿನ ಹನಿಯಾಗಿ ಅನುಮತಿ ದೊರೆತದ್ದು 1978ರಲ್ಲಿ. ಬಾಟಲಿ ಕುಲುಕಿ, ಗಂಟೆಗೊಮ್ಮೆ ಹಾಕಬೇಕು. ಆಳಕ್ಕೆ ಇಳಿಯದಿರುವುದು ಅದರ ದೊಡ್ಡ ಕೊರತೆ. ಹೊಸ ಔಷಧ ವೊರಿಕೊನಜೋಲ್ ಆ ಕೊರತೆ ನೀಗೀತು ಎಂದುಕೊಂಡರೆ, ದಕ್ಷಿಣ ಭಾರತದ ರೋಗಿಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಹಳೆಯ ನಟಾಮೈಸಿನ್ನೇ ಗೆದ್ದಿತು. ಹನಿಯ ಜೊತೆಗೆ ವೊರಿಕೊನಜೋಲ್ ಮಾತ್ರೆ ಕೊಟ್ಟು ನೋಡಿದ್ದೂ ಆಯಿತು. 2016ರ ಫಲಿತಾಂಶದಲ್ಲಿ ಒಟ್ಟಾರೆ ಲಾಭ ಕಾಣಲಿಲ್ಲ. ಹಾಗಾಗಿ ಹಟಮಾರಿ ಹುಣ್ಣುಗಳ ಪಾಲಿಗೆ ಉಳಿಯುವುದು ಶಸ್ತ್ರಚಿಕಿತ್ಸೆಯೇ, ಹೆಚ್ಚಾಗಿ ಕಾರ್ನಿಯಾ ಕಸಿ.

ಇಲ್ಲಿ ಮನೆಯವರಿಗೂ ವೈದ್ಯರಿಗೂ ನಡುವೆ ಒಂದು ತಪ್ಪುಗ್ರಹಿಕೆ ಸಾಮಾನ್ಯ. ‘ಕಣ್ಣು ಕಸಿ’ ಎಂದರೆ ದೃಷ್ಟಿ ಬಂತು ಎಂದೇ ಜನ ತಿಳಿಯುತ್ತಾರೆ. 1905ರಲ್ಲಿ ಆಸ್ಟ್ರಿಯಾದ ವೈದ್ಯ ಎಡ್ವರ್ಡ್ ಜಿರ್ಮ್ ಮಾಡಿದ ಮೊದಲ ಯಶಸ್ವಿ ಕಾರ್ನಿಯಾ ಕಸಿಯ ಗುರಿ ದೃಷ್ಟಿಯೇ ಆಗಿತ್ತು. ಆದರೆ ಫಂಗಸ್ ಹುಣ್ಣಿನಲ್ಲಿ ಮೊದಲ ಗುರಿ ಸೋಂಕನ್ನು ಕಿತ್ತುಹಾಕಿ ಕಣ್ಣುಗುಡ್ಡೆ ಉಳಿಸುವುದು. ಹುಣ್ಣಿನ ಸುತ್ತ ಸುಮಾರು 1 ಮಿ.ಮೀ. ಆರೋಗ್ಯವಂತ ಅಂಚನ್ನೂ ಸೇರಿಸಿ ಗುಂಡಗೆ ಕತ್ತರಿಸಿ ತೆಗೆದು, ದಾನಿಯ ಕಾರ್ನಿಯಾವನ್ನು ಕೂದಲಿಗಿಂತ ತೆಳುವಾದ ನೈಲಾನ್ ದಾರದಿಂದ ಬಿಡಿಬಿಡಿಯಾಗಿ ಹೊಲಿಯುತ್ತಾರೆ. ಬೇರೆ ಕಸಿಗಳಲ್ಲಿ ದೇಹ ತಿರಸ್ಕರಿಸದಿರಲೆಂದು ಕೂಡಲೇ ಸ್ಟೀರಾಯ್ಡ್ ಹನಿ, ಅಂದರೆ ಉರಿಯೂತವನ್ನೂ ದೇಹದ ಪ್ರತಿರೋಧವನ್ನೂ ತಗ್ಗಿಸುವ ಮದ್ದು, ಹಾಕುವುದುಂಟು. ಇಲ್ಲಿ ಅಳಿದುಳಿದ ಫಂಗಸ್ ಅದರಿಂದಲೇ ಕೊಬ್ಬಬಹುದೆಂದು ಮೊದಮೊದಲು ತಡೆಹಿಡಿಯುತ್ತಾರೆ. ಎಷ್ಟೋ ಬಾರಿ ಹಾಕಿದ ಕಾರ್ನಿಯಾ ಮಸುಕಾಗುತ್ತದೆ. ದೃಷ್ಟಿಗಾಗಿ ಮುಂದೆ ಇನ್ನೊಂದು ಕಸಿ ಬೇಕಾದೀತು. ಇದನ್ನು ಮೊದಲೇ ಬಿಡಿಸಿ ಹೇಳದಿದ್ದರೆ ‘ಆಪರೇಷನ್ ಫೇಲ್’ ಎಂಬ ಮಾತು ಊರಿಡೀ ಹಬ್ಬುತ್ತದೆ.

ಹುಣ್ಣು ಕೊರೆದು ಕಾರ್ನಿಯಾದಲ್ಲಿ ಬಿದ್ದ ತೂತು ಚಿಕ್ಕದಿದ್ದರೆ ಅಂಟು ಹಾಕಿ ದಿನ ದೂಡಬಹುದು. ಸೋಂಕು ಬಿಳಿಗುಡ್ಡೆಯ ಅಂಚು ಮುಟ್ಟಿದ ಮೇಲೆ ಕಸಿಯೂ ಕಷ್ಟ. ತಡವಾಗುವುದು ಬಹುಪಾಲು ಮನೆಯಲ್ಲೇ: ಎದೆಹಾಲು, ನಂದಿಬಟ್ಟಲ ಹೂವಿನ ರಸ, ಆಮೇಲೆ ಮೆಡಿಕಲ್ ಶಾಪಿನ ಹನಿ. ಮೊದಲೆರಡಕ್ಕಿಂತ ಮೂರನೆಯದಕ್ಕೇ ನಾನು ಹೆಚ್ಚು ಹೆದರುತ್ತೇನೆ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಕೆಂಪು ಇಳಿದು ನೆಮ್ಮದಿ ಎನಿಸುತ್ತದೆ, ಒಳಗೆ ಫಂಗಸ್ ಹಬ್ಬುತ್ತಲೇ ಇರುತ್ತದೆ. ಆರಂಭದಲ್ಲೇ ಹುಣ್ಣನ್ನು ಕೆರೆದು ಪೊಟ್ಯಾಷಿಯಂ ಹೈಡ್ರಾಕ್ಸೈಡ್ ಹನಿಯಲ್ಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಫಂಗಸ್‌ನ ಎಳೆಗಳು ಕಾಣುತ್ತವೆ. ಅಗ್ಗದ, ಬೇಗ ಮುಗಿಯುವ ಪರೀಕ್ಷೆ.

ಇನ್ನು ಕಾರ್ನಿಯಾ ಎಲ್ಲಿಂದ? 2021ರಲ್ಲಿ ಪುನೀತ್ ರಾಜ್‌ಕುಮಾರ್ ಕಣ್ಣುಗಳು ನಾಲ್ವರಿಗೆ ಬೆಳಕಾದ ಮೇಲೆ ನಮ್ಮ ಕಡೆ ನೇತ್ರದಾನದ ಮಾತು ಜೋರಾಯಿತು. ಆದರೂ ‘ಅಜ್ಜನಿಗೆ ಪೊರೆ ಆಪರೇಷನ್ ಆಗಿದೆ, ಅವರ ಕಣ್ಣು ಯಾರಿಗೆ ಬೇಕು?’ ಎನ್ನುವವರಿದ್ದಾರೆ. ಬೇಕು. ದೃಷ್ಟಿಗಾಗಿ ಬಳಸುವಷ್ಟು ಉತ್ತಮವಲ್ಲದ ಕಾರ್ನಿಯಾ ಕೂಡ ಸೋಂಕು ತೆಗೆಯುವ ಈ ತುರ್ತು ಕಸಿಗೆ ಸಲ್ಲುತ್ತದೆ, ಗ್ಲಿಸರಿನ್‌ನಲ್ಲಿ ಕಾಪಿಟ್ಟದ್ದೂ ಸಲ್ಲುತ್ತದೆ. ಸಾವಾದ 6 ಗಂಟೆಯೊಳಗೆ ತೆಗೆಯಬೇಕು. ನೇತ್ರಬ್ಯಾಂಕಿನವರು ಬರುವತನಕ ಫ್ಯಾನ್ ಆರಿಸಿ, ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಟ್ಟಿರಬೇಕು.